ಗರುಡಮಂಡಲದ ಕಪ್ಪುಕುಳಿಯೂ ಕ್ಷಕಿರಣಗಳ ಉಬ್ಬರವೂ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಈ ಮೂರು ಊರುಗಳೂ ಉತ್ತರ ಅಕ್ಷಾಂಶ 14½ ಮತ್ತು 15 ಅಂಶಗಳ ನಡುವೆ ಇರುವುವು. ಆದಕಾರಣ ಗರುಡಮಂಡಲವು ಅಲ್ಲಿ ಬಹುಮಟ್ಟಿಗೆ ನಡುನೆತ್ತಿಯ ಮೇಲೆಯೇ ಹಾದುಹೋಗುವುದು. ಆ ಮಂಡಲದಲ್ಲಿ, ಶ್ರವಣ ನಕ್ಷತ್ರಕ್ಕೆ ಪಶ್ಚಿಮದಲ್ಲಿ, ಜಿಆರ್‌ಎಸ್ 1915+105 ಎಂಬ ಯಮಳತಾರೆಯುಂಟು. ಸೆಪ್ಟೆಂಬರ್ ನಡುವಿನಲ್ಲಿ ರಾತ್ರಿ 8 ಗಂಟೆಯ ಸುಮಾರಿಗೆ ಅದು ನೆತ್ತಿಯಿಂದ ಸುಮಾರು 4 ಅಂಶ ದಕ್ಷಿಣಕ್ಕಿದ್ದರೂ ಕಣ್ಣಿಗೆ ಕಾಣದು. ನಡುವಣ ಧೂಳು ಅದರ ಬೆಳಕನ್ನು ನುಂಗುವುದು. ಕ್ಷಕಿರಣಗಳನ್ನು ವಾಯುಮಂಡಲವು ತಡೆಯುವುದು. ಆದುದರಿಂದ ಇದರ ಚರಿತ್ರೆಯು ಉಪಗ್ರಹಗಳ ಚರಿತ್ರೆಯೇ ಆಗಿದೆ.

ಸೂರ್ಯನ ಸುಮಾರು 12 ಮಡಿ ದ್ರವ್ಯವುಳ್ಳ ಕಪ್ಪುಕುಳಿಯೂ ಒಂದು ನಕ್ಷತ್ರವೂ ಅಲ್ಲಿ ಸುಮಾರು 34 ದಿನಗಳಿಗೊಮ್ಮೆ ಪರಸ್ಪರ ಸುತ್ತುವುವು. ನಕ್ಷತ್ರದಿಂದ ಜಾರಿದ ಅನಿಲವು ನೇರವಾಗಿ ಕುಳಿಗೆ ಬೀಳದೆ ಅದರ ಸುತ್ತ ತಟ್ಟೆಯಂತೆ ಶೇಖರವಾಗುವುದು. ತಟ್ಟೆಯು ತಣ್ಣಗಿರುವವರೆಗೆ ಒಳಹರಿವು ಮಂದ. ಶೇಖರವು ಬೆಳೆದು, ಕಾವು ಏರಿ, ಜಲಜನಕದ ಪರಮಾಣುಗಳು ಒಡೆದೊಡನೆ ಅನಿಲದ ಜಿಗುಟು ಹೆಚ್ಚಿ, ದ್ರವ್ಯವು ರಭಸದಿಂದ ಒಳಸರಿಯುವುದು. ಇದೇ ಕ್ಷಕಿರಣಗಳ ಉಬ್ಬರ. ಇಂಥ ಉಬ್ಬರಗಳು ಸಾಮಾನ್ಯವಾಗಿ ಕೆಲವು ತಿಂಗಳುಗಳಲ್ಲಿ ಇಳಿಯುವುವು. ಈ ಯಮಳದ ಕಕ್ಷೆಯೂ ತಟ್ಟೆಯೂ ವಿಶಾಲವಾದುದರಿಂದ, 1992ನೆಯ ಆಗಸ್ಟಿನಲ್ಲಿ ಗ್ರನಾಟ್ ಉಪಗ್ರಹವು ಕಂಡ ಉಬ್ಬರವು 2018ರವರೆಗೆ ಪ್ರಖರವಾಗಿಯೇ ಉಳಿಯಿತು.

ಈ ಶೋಧದಲ್ಲಿ ಕರ್ನಾಟಕಕ್ಕೂ ಪಾಲುಂಟು. ಬೆಂಗಳೂರಿನ ಪೀಣ್ಯದಲ್ಲಿ ನಿರ್ಮಿತವಾಗಿ 1975ನೆಯ ಏಪ್ರಿಲ್ 19ರಂದು ಮೇಲೇರಿದ ಆರ್ಯಭಟದಲ್ಲಿಯೇ ಕ್ಷಕಿರಣಗಳ ಉಪಕರಣವಿದ್ದಿತು. ವಿದ್ಯುತ್ತಿನ ದೋಷದಿಂದ ಪ್ರಯೋಗವು ಕೆಲವೇ ದಿನಗಳಲ್ಲಿ ನಿಂತಿತು. 1996ನೆಯ ಮಾರ್ಚ್ 21ರಂದು ಐಆರ್‌ಎಸ್-ಪಿ3 ಉಪಗ್ರಹದೊಡನೆ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯೂ ಬೆಂಗಳೂರಿನ ಇಸ್ರೋ ಉಪಗ್ರಹ ಕೇಂದ್ರವೂ ಕೂಡಿ ರಚಿಸಿದ ಉಪಕರಣಗಳು ಹೋದುವು. 1997ರಲ್ಲಿ ಅವು ಈ ತಾರೆಯ ಕಾಂತಿಯು ಮೆಲ್ಲನೆ ಏರಿ ಥಟ್ಟನೆ ಇಳಿಯುವುದನ್ನೂ, ಮತ್ತೆ ಮತ್ತೆ ಹಾಗೆಯೇ ಆಗುವುದನ್ನೂ ಕಂಡುವು.

ಈ ಇಳಿತದ ಅರ್ಥವೇನೆಂಬುದೇ ವಿವಾದದ ವಿಷಯ. ದ್ರವ್ಯವು ಘಟನಾ ದಿಗಂತವನ್ನು ದಾಟಿ ಮರೆಯಾದುದಕ್ಕೆ ಇದು ಸಾಕ್ಷ್ಯವಾಗಿರಬಹುದೆಂದು ಪಾಲ್, ಅಗ್ರವಾಲ್, ಕಸ್ತೂರಿರಂಗನ್ ಮೊದಲಾದವರು 1998ರಲ್ಲಿ ಸೂಚಿಸಿದರು. ನ್ಯೂಟ್ರಾನ್ ತಾರೆಯಾದರೆ ಬಿದ್ದ ದ್ರವ್ಯವು ಅದರ ಮೈಗೆ ಬಡಿದು ಹೊಳೆಯಬೇಕು. ಆದರೆ ತಟ್ಟೆಯ ಒಳಭಾಗವು ಬರಿದಾಗಿ ಮತ್ತೆ ತುಂಬುವುದರಿಂದಲೂ ಇಂಥ ಏರಿಳಿತವುಂಟಾಗುವುದೆಂದು ಬೆಲ್ಲೋನಿ ಮೊದಲಾದವರು 1997ರಲ್ಲಿಯೇ ತೋರಿಸಿದ್ದರು. ಆದುದರಿಂದ ಇಳಿತವೊಂದೇ ನಿರ್ಣಾಯಕ ಪ್ರಮಾಣವಾಗದು. ನಿರ್ಣಯವು ಬೇರೆ ದಾರಿಯಿಂದ ಬಂದಿತು: 2001ರಲ್ಲಿ ಸಂಗಾತಿ ನಕ್ಷತ್ರದ ಚಲನೆಯನ್ನಳೆದಾಗ, ಅಡಗಿದ ವಸ್ತುವಿನ ದ್ರವ್ಯವು ನ್ಯೂಟ್ರಾನ್ ತಾರೆಯ ಮಿತಿಯನ್ನು ಬಹಳವಾಗಿ ಮೀರಿದುದು ಸ್ಪಷ್ಟವಾಯಿತು.

2015ನೆಯ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೋಸ್ಯಾಟ್ ಈ ವೀಕ್ಷಣೆಯನ್ನು ಮುಂದುವರಿಸಿತು. 2018ರ ಬಳಿಕ ಕಾಂತಿಯು ತಗ್ಗಿದುದಕ್ಕೆ, ದಟ್ಟವಾದ ಅನಿಲವು ಒಳಭಾಗವನ್ನು ಮರೆಮಾಡಿದುದೂ ಒಂದು ಕಾರಣವೆಂದು ತಿಳಿದುಬಂದಿದೆ. ಕಾಂತಿಯು ಕುಂದಿತೆಂದ ಮಾತ್ರಕ್ಕೆ ಉಬ್ಬರವು ತೀರಿತೆನ್ನಲಾಗದು.