ಕಡಲಾಚೆಯ ಓದಿಗೆ ಪೇಟೆಯ ಮನೆ

ನಗರ್ತಪೇಟೆಯ ನಮ್ಮ ಅಜ್ಜಿಮನೆ ಹದಿಮೂರು ಅಡಿ ಅಗಲ. ಬೀದಿಯ ಅಂಗಡಿಯಿಂದ ಹಿಂದಿನ ಬಚ್ಚಲಿನ ತನಕ ಓಣಿಯ ಹಾಗೆ ಉದ್ದಕ್ಕೆ ಹೋಗುತ್ತದೆ. ಮುಂದಿನ ಭಾಗದಲ್ಲಿ ಎಲೆಕ್ಟ್ರಿಕಲ್ ಸಾಮಾನಿನವರು ಬಾಡಿಗೆಗಿದ್ದಾರೆ. ಕಳೆದ ವರ್ಷ ಚಿಕ್ಕಪ್ಪನ ಮಗಳಿಗೆ ಅಮೆರಿಕದಲ್ಲಿ ಎಂ.ಎಸ್. ಸೀಟು ಸಿಕ್ಕಾಗ ಈ ಮನೆಯ ಕಾಗದಪತ್ರಗಳು ಟ್ರಂಕಿನಿಂದ ಹೊರಬಂದವು. ಬ್ಯಾಂಕಿನ ವಕೀಲರು ಅವನ್ನು ಎರಡು ದಿನ ಓದಿ, "ಆಸ್ತಿಗೆ ಬೆಲೆ ಇದೆ ಸಾರ್, ಆದ್ರೆ ಅಡ ಇಡಕ್ಕಾಗಲ್ಲ" ಅಂದರು. ಮುತ್ತಾತನ ಕಾಲದ ಮನೆ, ಇವತ್ತಿಗೂ ವಿಭಾಗವಾಗಿಲ್ಲ.

ಇತಿಹಾಸದಲ್ಲಿ ಪಿಎಚ್.ಡಿ. ಮಾಡುತ್ತಿರುವ ನನ್ನನ್ನು ಚಿಕ್ಕಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಆಗಿನ ಕಾಲದಲ್ಲಿ ಜನ ಹೇಗೋ ಹೋಗ್ತಿದ್ರು?" ಅವರು ಉತ್ತರಕ್ಕಾಗಿ ಕೇಳಿದ್ದಲ್ಲ ಅನಿಸುತ್ತದೆ. ಆದರೂ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಮೊದಮೊದಲು ಹೋದವರಲ್ಲಿ ಹಲವರನ್ನು ಕಳಿಸಿದ್ದು ಮೈಸೂರು ಸರ್ಕಾರ. ಕೊಟ್ಟ ಹಣವನ್ನು ಅದು ಸೇವೆಯ ರೂಪದಲ್ಲಿ ವಾಪಸು ಪಡೆಯಲು ನೋಡುತ್ತಿತ್ತು. ಸೋಸಲೆ ಗರಳಪುರಿ ಶಾಸ್ತ್ರಿಗಳು ಇಂಗ್ಲೆಂಡಿನಲ್ಲಿ ಸಾಬೂನಿನ ತಂತ್ರ ಕಲಿತು ಬಂದದ್ದರ ಫಲ ಇವತ್ತಿಗೂ ನಮ್ಮ ಬಚ್ಚಲಿನಲ್ಲಿದೆ. ಟಿ.ಪಿ. ಕೈಲಾಸಂ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಲಂಡನ್ನಿಗೆ ಭೂವಿಜ್ಞಾನ ಓದಲು ಹೋಗಿ 1915ರಲ್ಲಿ ಮರಳಿದರು. ಭೂಗರ್ಭ ಇಲಾಖೆಗೆ ಸೇರಿದವರು ಕೆಲವೇ ವರ್ಷಗಳಲ್ಲಿ ಬಿಟ್ಟು ನಾಟಕದ ಹಿಂದೆ ಹೋದರು. ಖಜಾನೆಯ ಲೆಕ್ಕದಲ್ಲಿ ಅದು ವಸೂಲಾಗದ ಬಾಕಿ. ಪರೀಕ್ಷೆ ಪಾಸು ಮಾಡುವುದೇ ವಿದ್ಯೆಯೇ ಎಂದು ಕೇಳುವ 'ಟೊಳ್ಳುಗಟ್ಟಿ' ಬಂದದ್ದು ಇದೇ ಮನುಷ್ಯನಿಂದ ಎನ್ನುವುದು ನನಗೆ ಬಹಳ ಇಷ್ಟ.

ಸಾಲ ಎಂಬ ಹೆಸರಿಟ್ಟೇ ಸಾಲ ಕೊಟ್ಟವರು ಜಮ್‌ಷೇಟ್‌ಜಿ ಟಾಟಾ. ಬಸವನಗುಡಿಯ ಪಕ್ಕದ ಟಾಟಾ ಸಿಲ್ಕ್ ಫಾರ್ಮ್ ಎಂಬ ಬಡಾವಣೆಯ ಹೆಸರಿನಲ್ಲಿ ಇರುವವರು ಅವರೇ. ವಿದೇಶದಲ್ಲಿ ಓದುವವರಿಗಾಗಿ 1892ರಲ್ಲಿ ಅವರೊಂದು ನಿಧಿ ಇಟ್ಟರು. ಮೊದಲು ಪಾರ್ಸಿಗಳಿಗಷ್ಟೇ ಇದ್ದದ್ದು 1894ರಲ್ಲಿ ಎಲ್ಲ ಭಾರತೀಯರಿಗೂ ತೆರೆಯಿತು. ಅದು ದಾನವಾಗಿರಲಿಲ್ಲ. ಓದಿ ದುಡಿಯತೊಡಗಿದ ಮೇಲೆ ತೀರಿಸಬೇಕಿತ್ತು. ಮರಳಿದ ಹಣ ಮುಂದಿನವರಿಗೆ ಹೋಗುತ್ತಿತ್ತು. ಮೊದಲು ನೆರವು ಪಡೆದವರಲ್ಲಿ ಫ್ರೇನಿ ಕಾಮಾ, ಕೃಷ್ಣಾಬಾಯಿ ಕೇಳವಕರ್ ಎಂಬ ಇಬ್ಬರು ವೈದ್ಯೆಯರಿದ್ದರು. ನಮ್ಮ ತುಮಕೂರಿನ ರಾಜಾ ರಾಮಣ್ಣ 1945ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ಹೊರಟದ್ದೂ ಟಾಟಾ ವಿದ್ವಾಂಸರಾಗಿಯೇ.

ಬಸವನಗುಡಿಯ ಮಹಿಳಾ ಸೇವಾ ಸಮಾಜದಲ್ಲಿ ಓದಿದ ರಾಜೇಶ್ವರಿ (ಮುಂದೆ ಚಟರ್ಜಿ) ಸ್ವಾತಂತ್ರ್ಯಕ್ಕೆ ತಿಂಗಳಿಗೂ ಕಡಿಮೆ ಇದ್ದಾಗ, 1947ರ ಜುಲೈನಲ್ಲಿ, ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೊರಟರು. ಹಿಂದೆ ಸೈನಿಕರನ್ನು ಸಾಗಿಸುತ್ತಿದ್ದ ಹಡಗಿನಲ್ಲಿ ಪ್ರಯಾಣ. ಮುಂದಿನ ಓದಿಗೆ ಅಲ್ಲಿಯೇ ಬಾರ್ಬರ್ ವಿದ್ಯಾರ್ಥಿವೇತನ ಸಿಕ್ಕಿತು. 1953ರಲ್ಲಿ ಮರಳಿ ಬಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್ ಎಂಜಿನಿಯರಿಂಗ್ ಕಲಿಸಿದರು.

ಆಮೇಲಿನ ದಶಕಗಳಲ್ಲಿ ರೂಪಾಯಿಯಲ್ಲಿ ಸಾಲ ಸಿಕ್ಕರೂ ಪೂರ್ತಿ ಉಪಯೋಗವಿರಲಿಲ್ಲ. ವಿದೇಶಿ ವಿನಿಮಯವೇ ಇರಲಿಲ್ಲವಲ್ಲ. 1960ರ ದಶಕದಲ್ಲಿ ಎಂಟು ಡಾಲರ್ ಜೇಬಿಗಿಟ್ಟು ವಿಮಾನ ಹತ್ತಿದವರ ಕಥೆ ಮಲ್ಲೇಶ್ವರ, ಚಾಮರಾಜಪೇಟೆಯ ಬೇಕಾದಷ್ಟು ಮನೆಗಳಲ್ಲಿ ಕೇಳಬಹುದು. 1966ರ ಜೂನ್‌ನಲ್ಲಿ ಡಾಲರಿನ ಬೆಲೆ ಒಂದೇ ದಿನಕ್ಕೆ 4.76 ರೂಪಾಯಿಯಿಂದ 7.50ಕ್ಕೆ ಏರಿತು. ಹಾಗಾಗಿ ಅಲ್ಲಿನ ವಿಶ್ವವಿದ್ಯಾಲಯ ಅಸಿಸ್ಟೆಂಟ್‌ಶಿಪ್ ಕೊಟ್ಟವನು ಹೋದ, ಕೊಡದವನು ಉಳಿದ. ಇಲ್ಲಿ ಹುಟ್ಟಬೇಕಿದ್ದದ್ದು ಟಿಕೆಟ್ಟಿನ ದುಡ್ಡು. ಅದಕ್ಕೆ ಅಮ್ಮನ ಬಳೆ ಗಿರವಿ ಅಂಗಡಿಗೆ ಹೋಗುತ್ತಿತ್ತು. ಬಳೆ ಅಮ್ಮನದೇ ಆದ್ದರಿಂದ ಯಾರ ಸಹಿಯೂ ಬೇಕಿರಲಿಲ್ಲ.

ಈಗ ನಾವು ಕಾಣುವ ಶಿಕ್ಷಣ ಸಾಲಕ್ಕೆ ರೂಪ ಬಂದದ್ದು 2001ರಲ್ಲಿ, ಭಾರತೀಯ ಬ್ಯಾಂಕುಗಳ ಸಂಘ ಮಾಡಿದ ಮಾದರಿ ಯೋಜನೆಯಿಂದ. ಆಗ ದೇಶದೊಳಗಿನ ಓದಿಗೆ 7.5 ಲಕ್ಷ, ಹೊರಗಿನ ಓದಿಗೆ 15 ಲಕ್ಷ ರೂಪಾಯಿ ಮಿತಿ ಇತ್ತು. 4 ಲಕ್ಷದವರೆಗೆ ಭದ್ರತೆ ಬೇಕಿರಲಿಲ್ಲ, ದೊಡ್ಡ ಸಾಲಕ್ಕೆ ಆಸ್ತಿಯಂಥ ಭದ್ರತೆ ತೋರಿಸಬೇಕಿತ್ತು. 2006ರಲ್ಲಿ ಕ್ರೆಡಿಲಾ ಬಂತು, ಶಿಕ್ಷಣ ಸಾಲವನ್ನೇ ವ್ಯಾಪಾರ ಮಾಡಿಕೊಂಡ ಖಾಸಗಿ ಕಂಪನಿ. ಅದರ ಹಿಂದೆ ಬೇರೆಯವೂ ಬಂದವು. ಈ ಕಂಪನಿಗಳು ವಿಶ್ವವಿದ್ಯಾಲಯ ಯಾವುದು, ಕೋರ್ಸು ಯಾವುದು, ಜೊತೆಗೆ ಸಹಿ ಹಾಕುವ ಅಪ್ಪನ ಸಂಬಳ ಎಷ್ಟು ಎಂದು ನೋಡಿ, ಆಸ್ತಿ ಇಲ್ಲದೆಯೂ ಹೆಚ್ಚು ಬಡ್ಡಿಗೆ ಸಾಲ ಕೊಡುತ್ತವೆ. ಇದು ನಮ್ಮೂರಿನ ಪಾಡು ಮಾತ್ರವಲ್ಲ. ಬ್ರಿಟನ್ನಿಗೆ ಓದಲು ಹೋಗುವ ಅಮೆರಿಕದ ಹುಡುಗನಿಗೂ ಅಲ್ಲಿನ ಸರ್ಕಾರಿ ಸಾಲ ಸಾಲದೆಹೋದರೆ ಖಾಸಗಿಯವರ ಹತ್ತಿರ ಹೋಗಬೇಕು, ಸಾಮಾನ್ಯವಾಗಿ ಅಪ್ಪನನ್ನೋ ಅಮ್ಮನನ್ನೋ ಸಹಿಗೆ ಕರೆದುಕೊಂಡು.

ಮತ್ತೆ ಪೇಟೆಯ ಮನೆಗೆ ಬರುತ್ತೇನೆ. ವಕೀಲರು ಕೇಳಿದ್ದು ವಂಶವೃಕ್ಷ, ವಿಭಾಗಪತ್ರ, ಎಲ್ಲ ವಾರಸುದಾರರ ಸಹಿ. ವಾರಸುದಾರರು ಎಂದರೆ ಅಪ್ಪ, ಚಿಕ್ಕಪ್ಪ ಎಂದು ನಮ್ಮ ಮನೆಯಲ್ಲಿ ಅಂದುಕೊಂಡಿದ್ದರು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಕರ್ನಾಟಕ 1994ರಲ್ಲೇ ತಿದ್ದುಪಡಿ ಮಾಡಿತ್ತು. ಆದರೆ ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತ್ತು. ನನ್ನ ಇಬ್ಬರು ಅತ್ತೆಯರ ಮದುವೆ 1980ರ ದಶಕದಲ್ಲಿ ಆದದ್ದು. ಕೇಂದ್ರದ 2005ರ ತಿದ್ದುಪಡಿ ಆ ಗೆರೆಯನ್ನು ಅಳಿಸಿತು. ತಂದೆ ಆಗ ಬದುಕಿದ್ದರೋ ಇಲ್ಲವೋ ಎಂಬುದು ಮುಖ್ಯವಲ್ಲ, ಹಕ್ಕು ಹುಟ್ಟಿನಿಂದಲೇ ಬರುವುದು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ನಮ್ಮ ಮನೆಗೆ ಈ ಸುದ್ದಿ ತಲುಪಿದ್ದು ಸಾಲದ ಅರ್ಜಿಯ ಮೂಲಕ.

ಅತ್ತೆಯರ ಸಹಿ ಕೇಳುವುದೆಂದರೆ ಪಾಲಿನ ಮಾತು ಎತ್ತಿದಂತೆ ಎಂದು ಚಿಕ್ಕಪ್ಪ ಹಿಂಜರಿದರು. ಕೇಳಲೇ ಇಲ್ಲ. ಖಾಸಗಿ ಕಂಪನಿಯೊಂದು ಅವರ ಸಂಬಳದ ಚೀಟಿ ನೋಡಿ ಸಾಲ ಕೊಟ್ಟಿತು. ಅವರ ನಿವೃತ್ತಿಗೆ ಇನ್ನು ಆರು ವರ್ಷ. ಕಂತು ಹತ್ತು ವರ್ಷದ್ದು. ವಿಷಯ ತಿಳಿದು ನಾನು ಲೆಕ್ಕ ಹಾಕಿ ತೋರಿಸಲು ಹೋದೆ. "ಗೊತ್ತು ಬಿಡೋ" ಅಂದರು.

ಅವಳು ಹೊರಡುವ ಹಿಂದಿನ ದಿನ ದೊಡ್ಡತ್ತೆ ಚಕ್ಕುಲಿ, ಪುಳಿಯೋಗರೆ ಗೊಜ್ಜು ಕಟ್ಟಿಕೊಂಡು ಬಂದರು. ಸೂಟ್‌ಕೇಸ್ ತೂಗುತ್ತಿದ್ದಾಗ ಯಾರೋ ಬಾಯಿತಪ್ಪಿ ಬಡ್ಡಿಯ ಮಾತು ಆಡಿದರು, ಅದರ ಹಿಂದೆ ಮನೆಯ ಪತ್ರದ ಮಾತೂ ಬಂತು. ಅತ್ತೆ ಗೊಜ್ಜಿನ ಡಬ್ಬಕ್ಕೆ ಇನ್ನೊಂದು ಪ್ಲಾಸ್ಟಿಕ್ ಕವರ್ ಸುತ್ತುತ್ತಾ, ತಮ್ಮನ ಕಡೆ ನೋಡದೆ, "ಕೇಳಿದ್ರೆ ಹಾಕ್ತಿದ್ದೆ ಕಣಪ್ಪ" ಅಂದರು.