ತಲಕಾಡು: ಶಾಪದ ಮರಳು, ಇಳಿಜಾರಿನ ಲೆಕ್ಕ

ಮುಂಬೈಯಲ್ಲಿರೋ ನಮಗೆಲ್ಲ ವಾಲ್ಕೇಶ್ವರ ಗೊತ್ತು. ‘ವಾಲುಕಾ’ ಅಂದ್ರೆ ಮರಳು. ರಾಮ ಅಲ್ಲಿ ಮರಳಿನ ಲಿಂಗ ಮಾಡಿ ಪೂಜಿಸಿದ ಅನ್ನೋದು ಕಥೆ. ಅದೇ ಮಲಬಾರ್ ಹಿಲ್‌ನ ಇಳಿಜಾರು 2020ರ ಆಗಸ್ಟ್ ಮಳೆಗೆ ಕುಸಿದು ಕೆಳಗಿನ ರಸ್ತೆಗೆ ಬಂತು. ಅಲ್ಲಿ ಜಾರಿದ್ದು ನೀರು ಕುಡಿದ ಮಣ್ಣು. ಆದರೆ ಒಣ ಮರಳೇ ದಿಬ್ಬವಾಗಿ ಗುಡಿಗಳ ಮೇಲೆ ನಡೆದು ಬಂದ ಊರೊಂದು ನಮ್ಮ ಕರ್ನಾಟಕದಲ್ಲಿದೆ: ತಲಕಾಡು.

ಅಲಮೇಲಮ್ಮನ ಶಾಪದ ಕಥೆ ನೀವೆಲ್ಲ ಕೇಳಿರ್ತೀರಿ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ತಗೊಂಡ ಕಾಲದ್ದು. ಸಂಶೋಧಕರು ಇನ್ನೂ ಹಿಂದಕ್ಕೆ ಹೋಗ್ತಾರೆ. ಕಾವೇರಿ ಇಲ್ಲಿ ದೊಡ್ಡದಾಗಿ ತಿರುಗುತ್ತೆ. ವಿಜಯನಗರ ಕಾಲದ ಮಾಧವಮಂತ್ರಿ ಅಣೆಕಟ್ಟಿನಿಂದ ನದಿಯ ಹರಿವು ಬದಲಾಗಿ, ಪಾತ್ರದ ಮರಳು ಬಯಲಿಗೆ ಬಂತು ಅನ್ನೋದು ಅವರ ವಾದ. ಆಮೇಲಿನ ಕೆಲಸ ನೈಋತ್ಯದ ಗಾಳಿಯದ್ದು.

ಗಾಳಿ ಮರಳನ್ನ ದಿಬ್ಬದ ನೆತ್ತಿಗೆ ಏರಿಸುತ್ತೆ. ಆಚೆ ಬದಿ ಸುಮಾರು 33 ಡಿಗ್ರಿಗಿಂತ ಕಡಿದಾದ್ರೆ ಮರಳು ನಿಲ್ಲಲ್ಲ, ಜಾರುತ್ತೆ. ಹೀಗೆ ದಿಬ್ಬವೇ ಮುಂದಕ್ಕೆ ಹೋಗುತ್ತೆ. ವರ್ಷಕ್ಕೆ 9–10 ಅಡಿ ಅಂತ ಬ್ರಿಟಿಷ್ ಕಾಲದ ದಾಖಲೆ ಹೇಳುತ್ತೆ. ಜನ ಮನೆ ಬಿಟ್ಟು ಹಿಂದೆ ಸರೀತಾ ಹೋದರು. ಗುಡಿಗಳು ಎಲ್ಲಿಗೆ ಸರಿಯೋದು? ಮೂವತ್ತಕ್ಕೂ ಹೆಚ್ಚು ಗುಡಿಗಳು ಮರಳಿನಡಿ ಇವೆ ಅಂತ ಅದೇ ದಾಖಲೆಯಲ್ಲಿದೆ.

ನಾನು ಸಾಫ್ಟ್‌ವೇರ್‌ನವನು, ಸಿವಿಲ್ ಅಲ್ಲ. ಆದರೂ ಒಂದು ವಿಷಯ ನನ್ನ ಹಿಡಿದು ನಿಲ್ಲಿಸಿತು. ಕಲ್ಲಿನ ಮೇಲೆ ಕಲ್ಲು ಕೂರಿಸಿದ ಗುಡಿ ಮೇಲಿನ ಭಾರ ಚೆನ್ನಾಗಿ ಹೊರುತ್ತೆ, ಪಕ್ಕದಿಂದ ತಳ್ಳಿದರೆ ಮಾತ್ರ ಸೋಲುತ್ತೆ. ಮರಳು ಒಂದೇ ಗೋಡೆಗೆ ಒರಗಿದಾಗ ಆಗೋದು ಅದೇ. ಪೂರ್ತಿ ಹೂತರೆ? ನಾಲ್ಕೂ ಕಡೆಯ ಒತ್ತಡ ಹೆಚ್ಚುಕಡಿಮೆ ಸಮವಾಗಿ, ನುಂಗಿದ ಮರಳೇ ಗೋಡೆಗೆ ಆಸರೆ! ಅಪಾಯ ಮತ್ತೆ ಶುರುವಾಗೋದು ಅಗೆಯುವಾಗ. ಒಂದು ಬದಿ ಖಾಲಿಯಾದ್ರೆ ಇನ್ನೊಂದು ಬದಿ ತಳ್ಳುತ್ತೆ, ಅಡಿಪಾಯದ ಮರಳೂ ಸಡಿಲವಾಗಬಹುದು.

ವಿಷ್ಣುವರ್ಧನ ಚೋಳರನ್ನ ಗೆದ್ದು 1117ರಲ್ಲಿ ಕಟ್ಟಿಸಿದ ಕೀರ್ತಿನಾರಾಯಣ ಗುಡಿಯನ್ನ ನಮ್ಮ ಕಾಲದಲ್ಲಿ ಪುರಾತತ್ವ ಇಲಾಖೆ ಬಿಚ್ಚಿ ಮತ್ತೆ ಜೋಡಿಸಬೇಕಾಯ್ತು. ಅಂದ್ರೆ ಗುಡಿಯನ್ನ ಮರಳಿಂದ ಹೊರಗೆ ತೆಗೆದ ಮಾತ್ರಕ್ಕೆ ಅದು ಉಳಿದ ಹಾಗಲ್ಲ.

ಮುಂದಿನ ಸಲ ಪಂಚಲಿಂಗ ದರ್ಶನಕ್ಕೆ ಹೋದಾಗ, ಗುಂಡಿಯೊಳಗಿನ ಗುಡಿಗೆ ಮೆಟ್ಟಿಲಿಳಿಯುವ ಮುಂಚೆ ಒಂದು ನಿಮಿಷ ನಿಂತು, ಸುತ್ತಲಿನ ದಿಬ್ಬದ ಮೇಲಿರೋ ಮರಗಳನ್ನ ನೋಡಿ. ಗಾಳಿಗೆ ಅಡ್ಡ ನಿಂತು ಮರಳನ್ನ ಹಿಡಿದಿರೋದು ಅವೇ. ಶಾಪವನ್ನ ಅವು ನಂಬಿಲ್ಲ, ಸುಮ್ಮನೆ ಬೇರು ಬಿಟ್ಟಿವೆ. ಮುಂದಿನ ವಿಡಿಯೋದಲ್ಲಿ ಸಿಗೋಣ.