ಒಂದಡಿ ವಿಕ್ರಾಂತ್

ನಮ್ಮ ನೌಕಾಪಡೆಯ ಮೊದಲ ವಿಮಾನವಾಹಕ ಹಡಗು ಐಎನ್‌ಎಸ್ ವಿಕ್ರಾಂತ್‌ನ ಉದ್ದ ಸುಮಾರು 700 ಅಡಿ. ಹಡಗಿನ ಮಾಡೆಲ್ ಮಾಡೋರು ಹೆಚ್ಚಾಗಿ ಬಳಸೋ ಅಳತೆಗಳಲ್ಲಿ ಒಂದು 1:700. ಹಾಗಾಗಿ ಕ್ಯಾಲ್ಕುಲೇಟರ್ ಬೇಕಾಗಿಲ್ಲ, ನನ್ನ ಮೇಜಿನ ಮೇಲಿನ ವಿಕ್ರಾಂತ್ ಕರೆಕ್ಟಾಗಿ ಒಂದಡಿ. ಅದರ ಮೇಲಿನ ಸೀ ಹಾಕ್ ವಿಮಾನ ಒಂದು ಕಡಲೆಬೀಜದಷ್ಟು.

ವೀಕೆಂಡುಗಳಲ್ಲಿ ತೆಳು ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ಅಂಟಿಸಿ, ಉಜ್ಜಿ ಇದನ್ನ ಮಾಡ್ತಾ ಇದೀನಿ. ಕೈಕೆಲಸಕ್ಕಿಂತ ಹೆಚ್ಚು ತಲೆ ತಿಂದಿದ್ದು ಒಂದೇ ಪ್ರಶ್ನೆ: ಯಾವ ವರ್ಷದ ವಿಕ್ರಾಂತ್?

ಯಾಕಂದ್ರೆ ಈ ಹಡಗಿಗೆ ಒಂದೇ ರೂಪ ಇರಲಿಲ್ಲ. 1943ರಲ್ಲಿ ಇಂಗ್ಲೆಂಡಿನ ಟೈನ್ ನದಿಯ ದಡದಲ್ಲಿ ಇದರ ಕೆಲಸ ಶುರುವಾದಾಗ ಹೆಸರು ಹರ್ಕ್ಯುಲೀಸ್. ನೀರಿಗಿಳಿದಿದ್ದು 1945ರ ಸೆಪ್ಟೆಂಬರ್‌ನಲ್ಲಿ, ಅದೇ ತಿಂಗಳು ಎರಡನೇ ಮಹಾಯುದ್ಧವೂ ಮುಗಿಯಿತು. ಯುದ್ಧವೇ ಇಲ್ಲದ ಮೇಲೆ ಹಡಗು ಯಾರಿಗೆ ಬೇಕು? 1946ರಲ್ಲಿ ಕೆಲಸ ನಿಂತಿತು. ಅರ್ಧಂಬರ್ಧ ಆಗಿದ್ದ ಆ ಹಡಗನ್ನು 1957ರಲ್ಲಿ ಭಾರತ ಕೊಂಡಿತು.

ಮೂಲೆಯಲ್ಲಿ ಬಿದ್ದಿದ್ದೇ ಒಂದು ರೀತಿ ಲಾಭವಾಯ್ತು ನೋಡಿ. ಅಷ್ಟರಲ್ಲಿ ಜೆಟ್ ವಿಮಾನಗಳ ಕಾಲ ಬಂದಿತ್ತು. ಬೆಲ್‌ಫಾಸ್ಟ್‌ನಲ್ಲಿ ಹಡಗನ್ನು ಪೂರ್ತಿ ಮಾಡುವಾಗ ಓರೆಯಾದ ರನ್‌ವೇ, ವಿಮಾನವನ್ನು ಆವಿಯ ಬಲದಿಂದ ಮುಂದಕ್ಕೆ ಎಸೆಯುವ ಕ್ಯಾಟಪಲ್ಟ್, ಎರಡನ್ನೂ ಸೇರಿಸಿದರು. 1961ರ ಮಾರ್ಚ್ 4ರಂದು ಅಲ್ಲೇ ವಿಜಯಲಕ್ಷ್ಮಿ ಪಂಡಿತ್ ಅವರು ಅದನ್ನು ನೌಕಾಪಡೆಗೆ ಸೇರಿಸಿದರು. ಮುಂದೆ 1980ರ ದಶಕದ ಕೊನೆಗೆ ಸೀ ಹ್ಯಾರಿಯರ್‌ಗಳಿಗೋಸ್ಕರ ಕ್ಯಾಟಪಲ್ಟ್ ತೆಗೆದು, ಮೂತಿಯ ಹತ್ತಿರ ಮೇಲಕ್ಕೆ ಬಾಗಿದ ಸ್ಕೀ ಜಂಪ್ ಕೂರಿಸಿದರು. ಅಂದ್ರೆ ಮೂತಿ ಚಪ್ಪಟೆ ಇದ್ದರೆ ಒಂದು ಕಾಲ, ಎತ್ತಿದ್ದರೆ ಇನ್ನೊಂದು ಕಾಲ.

ನಾನು ಚಪ್ಪಟೆ ಮೂತಿಯನ್ನೇ ಆರಿಸಿಕೊಂಡೆ. ವರ್ಷ 1971.

ಆ ವರ್ಷ ವಿಕ್ರಾಂತ್‌ನ ಬಾಯ್ಲರ್‌ಗಳಲ್ಲಿ ಬಿರುಕುಗಳಿದ್ದವು. ಪೂರ್ತಿ ವೇಗದಲ್ಲಿ ಓಡಿಸುವ ಹಾಗಿರಲಿಲ್ಲ. ವಿಮಾನವಾಹಕಕ್ಕೆ ಇದು ಸಣ್ಣ ತೊಂದರೆಯಲ್ಲ. ವಿಮಾನ ಏಳಬೇಕಾದರೆ ಎದುರುಗಾಳಿ ಬೇಕು, ಅದಕ್ಕಾಗಿಯೇ ಹಡಗು ಗಾಳಿಗೆ ಮುಖಮಾಡಿ ಜೋರಾಗಿ ಓಡೋದು. ಇಲ್ಲಿ ಓಡೋಕೇ ಮಿತಿ. ಆದ್ರೂ ಹಡಗನ್ನು ಪೂರ್ವಕ್ಕೆ ಕಳಿಸಿದರು. ಅದನ್ನು ಹುಡುಕಿಕೊಂಡು ಬಂದ ಪಾಕಿಸ್ತಾನದ ಜಲಾಂತರ್ಗಾಮಿ ಘಾಜಿ ವಿಶಾಖಪಟ್ಟಣದ ಹೊರಗೆ ಮುಳುಗಿಹೋಯಿತು. ವಿಕ್ರಾಂತ್ ಆಗ ಇದ್ದದ್ದು ಅಂಡಮಾನ್ ಕಡೆ. ಡಿಸೆಂಬರ್ 4ರಿಂದ ಅದರ ವಿಮಾನಗಳು ಕಾಕ್ಸ್ ಬಜಾರ್, ಚಿತ್ತಗಾಂಗ್ ಮೇಲೆ ದಾಳಿ ಮಾಡಿದವು.

ಈಗ ಮಾಡೆಲ್ಲಿನ ತಮಾಷೆ ನೋಡಿ. ರಾಡಾರ್, ಲಿಫ್ಟ್, ವಿಮಾನವನ್ನು ಹಿಡಿದು ನಿಲ್ಲಿಸೋ ತಂತಿ, ಇದೆಲ್ಲ ಮಾಡಬಹುದು. ಬಾಯ್ಲರಿನ ಬಿರುಕನ್ನು ಮಾಡೋಕಾಗಲ್ಲ, ಅದು ಒಳಗಡೆ ಇತ್ತು. ಹಡಗಿನ ಅತಿದೊಡ್ಡ ಕಥೆಯೇ ಹೊರಗಿಂದ ಕಾಣಲ್ಲ. ನೋಡೋಕೆ ಬಂದವರಿಗೆ ಅದನ್ನ ನಾವು ಬಾಯಲ್ಲೇ ಹೇಳಬೇಕು.

ಹೇಳದಿದ್ದರೆ ಏನಾಗುತ್ತೆ? ಅದೂ ನಮಗೆ ಗೊತ್ತಿದೆ. 1997ರ ಜನವರಿಯಲ್ಲಿ ನಿವೃತ್ತಿಯಾದ ವಿಕ್ರಾಂತ್ ಮುಂಬೈನಲ್ಲಿ ಕೆಲವು ವರ್ಷ ತೇಲುವ ಮ್ಯೂಸಿಯಂ ಆಗಿತ್ತು. ನೀರಲ್ಲಿರೋ ಕಬ್ಬಿಣ ತುಕ್ಕು ಹಿಡಿಯೋದನ್ನ ನಿಲ್ಲಿಸಲ್ಲ, ಅದನ್ನು ಕಾಪಾಡೋಕೆ ವರ್ಷವರ್ಷವೂ ದುಡ್ಡು ಸುರೀಬೇಕು. ಸುರಕ್ಷಿತವಲ್ಲ ಅಂತ 2012ರಲ್ಲಿ ಬಾಗಿಲು ಮುಚ್ಚಿತು. ಉಳಿಸಿಕೊಳ್ಳಲು ಹೋರಾಡಿದವರು ಸುಪ್ರೀಂ ಕೋರ್ಟಿನವರೆಗೂ ಹೋಗಿ ಸೋತರು. 60 ಕೋಟಿಗೆ ಹರಾಜಾದ ಹಡಗನ್ನು 2014ರ ನವೆಂಬರ್‌ನಲ್ಲಿ ಒಡೆಯೋಕೆ ಶುರುಮಾಡಿದರು. ಅದರ ಉಕ್ಕಿನ ಒಂದು ಪಾಲು 2016ರಲ್ಲಿ ಬಂದ ಬಜಾಜ್ ವಿ ಬೈಕುಗಳಿಗೆ ಸೇರಿತು. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಮ್ಮ ಪಕ್ಕ ನಿಂತ ಬೈಕಿನಲ್ಲೂ ಚೂರು ವಿಕ್ರಾಂತ್ ಇದ್ದಿರಬಹುದು!

ನಾವು ಹೆಸರನ್ನಂತೂ ಉಳಿಸಿಕೊಂಡೆವು. 2022ರ ಸೆಪ್ಟೆಂಬರ್‌ನಲ್ಲಿ ಸೇವೆಗೆ ಬಂದ, ಕೊಚ್ಚಿಯಲ್ಲಿ ಕಟ್ಟಿದ ಹೊಸ ಹಡಗೂ ವಿಕ್ರಾಂತ್. ಅದರ ಮೈಮೇಲಿನ ಸಂಖ್ಯೆಯೂ ಹಳೆಯದೇ, ಆರ್ 11. 262 ಮೀಟರ್ ಉದ್ದದ ಹಡಗು, 1:700ರಲ್ಲಿ 37 ಸೆಂಟಿಮೀಟರ್. ಯಾರಾದ್ರೂ ಅದನ್ನ ಮಾಡ್ತಾ ಇದ್ದರೆ ಒಂದು ಮಾತು. ಹಡಗು ಇನ್ನೂ ಸೇವೆಯಲ್ಲಿರುವಾಗಲೇ ಅದರಲ್ಲಿ ಕೆಲಸ ಮಾಡುವವರ ಕಥೆಗಳನ್ನೂ ಕೇಳಿ ಬರೆದಿಟ್ಟುಕೊಳ್ಳಿ.